ಶನಿವಾರದ ಜ್ವರ

ಶ್ರೀನಿವಾಸಪುರ
12-2-1944, ಬೆಳಗಿನ ಜಾವ

ಅತ್ತಿಗೆಯವರಿಗೆ ಶ್ಯಾಮಲಳ ನಮಸ್ಕಾರಗಳು.

ಎರಡೂ ಮುಕ್ಕಾಲಿಗೆ ಎಚ್ಚರವಾಯಿತು. ಗುಳುಗುಳು ಎಂದು ಸದ್ದು. ಮಗು ಹಾಲು ಕಕ್ಕುತ್ತಿದೆ ಎಂದುಕೊಂಡು ಕೈ ಚಾಚಿದೆ. ಭಾರತಿ ಬೆರಳು ಬಾಯಲ್ಲಿಟ್ಟುಕೊಂಡು ಹಾಯಾಗಿ ನಿದ್ದೆಮಾಡುತ್ತಿದ್ದಳು. ಸದ್ದು ಅಡುಗೆಮನೆಯದು. ಎದ್ದು ಹೋಗಿ ಬಾಗಿಲ ಸಂದಿಯಲ್ಲಿ ನೋಡಿದರೆ ನಿಮ್ಮ ತಮ್ಮ ಕುಕ್ಕರುಗಾಲಲ್ಲಿ ಕುಳಿತು ಸೀಮೆಎಣ್ಣೆ ಡಬ್ಬದಿಂದ ಬಾಟಲಿಗೆ ಎಣ್ಣೆ ಬಗ್ಗಿಸುತ್ತಿದ್ದರು. ದೀಪ ಹಚ್ಚಿರಲಿಲ್ಲ. ಗವಾಕ್ಷಿಯಿಂದ ಬಿದ್ದ ತಿಂಗಳ ಬೆಳಕಿನಲ್ಲಿ, ಬಾಟಲಿಯ ಬಾಯಿಗೆ ಬೆರಳಿಟ್ಟು, ಎಣ್ಣೆ ಎಲ್ಲಿಯವರೆಗೆ ಬಂತು ಎಂದು ನೋಡಿಕೊಳ್ಳುತ್ತಿದ್ದರು.

ನಾನು ಮಾತಾಡಿಸದೆ ಬಂದು ಮಲಗಿದೆ. ಸ್ವಲ್ಪ ಹೊತ್ತಿಗೆ ಅವರೂ ಬಂದು ಮಲಗಿದರು. ಅವರಿಗೆ ನಿದ್ದೆ ಬಂತು. ನನಗೆ ಬರಲಿಲ್ಲ, ಅದಕ್ಕೇ ಈ ಕಾಗದ.

ಕಾರ್ಡಿಗೆ ತಿಂಗಳಿಗೆ ಸಿಗುವ ಸೀಮೆಎಣ್ಣೆ ಎಷ್ಟೆಂದು ನಿಮಗೆ ಗೊತ್ತು. ಯುದ್ಧ ಶುರುವಾದಾಗಿನಿಂದ ಅಳೆದು ಅಳೆದು ಉರಿಸುತ್ತಿದ್ದೇವೆ. ಎರಡು ತಿಂಗಳಿಂದ ಡಬ್ಬ ಹದಿನೈದು ದಿವಸಕ್ಕೇ ಖಾಲಿಯಾಗುತ್ತಿದೆ. ನಾನು ಪಾತ್ರೆ ತೊಳೆಯಲು ಬರುವ ಮುನಿಗಂಗಮ್ಮನ ಮೇಲೆ ಅನುಮಾನಪಟ್ಟು, ಅಡುಗೆಮನೆಗೆ ಬೀಗ ಹಾಕುವುದಕ್ಕೆ ಮೊದಲು ಮಾಡಿದ್ದೆ. ಆಕೆ ಅದನ್ನು ಗಮನಿಸಿಯೂ ಏನೂ ಕೇಳಿರಲಿಲ್ಲ.

ಇವರು ಶನಿವಾರ ಬಸ್ಸಿನ ಜೊತೆ ಮುಳಬಾಗಿಲಿಗೆ ಹೋದರೆ ಬರುವುದು ಭಾನುವಾರ ಮಧ್ಯಾಹ್ನ. ಇದ್ದಿಲಿನ ಗ್ಯಾಸಿನಲ್ಲಿ ಓಡುವ ಬಸ್ಸು, ವಾರಕ್ಕೊಮ್ಮೆ ಗ್ಯಾಸ್ ಪ್ಲಾಂಟು ಬಿಚ್ಚಿ ಬೂದಿ ತೆಗೆಸಬೇಕು, ಅದಕ್ಕೆ ರಾತ್ರಿ ಅಲ್ಲೇ ಇರುತ್ತೇನೆ ಎನ್ನುತ್ತಾರೆ. ನಾನು ಕಾಲೇಜಿನಲ್ಲಿ ಗಣಿತ ಓದಿದವಳು. ಶನಿವಾರ ರಾತ್ರಿ, ಬೇರೆ ಊರು, ಮನೆಯವರಿಗೆ ಕಾಣದ ಹಾಗೆ ಒಯ್ದ ಎಣ್ಣೆ. ಕೂಡಿಸಿದರೆ ಬರುವ ಉತ್ತರ ಒಂದೇ. ಮುಳಬಾಗಿಲಲ್ಲಿ ಅವರು ದೀಪ ಉರಿಸಬೇಕಾದ ಇನ್ನೊಂದು ಮನೆ ಇದೆ.

ಮಾಲೂರಿನಲ್ಲಿ ನಮ್ಮ ತಂದೆಗೆ ಇದನ್ನು ಬರೆಯಲಾರೆ. ಮಗಳನ್ನು ಬಿ.ಎ. ಓದಿಸಿ ಬಸ್ಸಿನವನಿಗೆ ಕೊಟ್ಟೆಯಲ್ಲಯ್ಯ ಎಂದು ಊರು ಆಡಿದಾಗ, ಹುಡುಗ ಒಳ್ಳೆಯವನು ಎಂದು ಒಂದೇ ಮಾತಿನಲ್ಲಿ ಎಲ್ಲರ ಬಾಯಿ ಮುಚ್ಚಿಸಿದವರು ಅವರು. ನಿಮ್ಮ ತಮ್ಮನನ್ನು ಎತ್ತಿ ಆಡಿಸಿದವರು ನೀವು. ನಿಮಗೆ ಗೊತ್ತಿದ್ದರೆ ಹೇಳಿಬಿಡಿ.

ಶ್ಯಾಮಲ

*

ಕೋಲಾರ
17-2-1944

ಚಿ. ಸೌ. ಶ್ಯಾಮಲಳಿಗೆ ರತ್ನಕ್ಕನ ಆಶೀರ್ವಾದಗಳು.

ನಿನ್ನ ಕಾಗದ ಓದಿ ನಕ್ಕೆ. ಆಮೇಲೆ ನಗಬಾರದಾಗಿತ್ತು ಅನ್ನಿಸಿತು. ಹೆಂಗಸು ಗಿಂಗಸು ಏನೂ ಇಲ್ಲ ಕಣೇ. ನಮ್ಮ ಚನ್ನರಾಯ ಆ ಜಾತಿಯವನಲ್ಲ. ಇಸ್ಪೀಟು. ಮುಳಬಾಗಿಲಿನ ನರಸಿಂಹಪ್ಪನ ಹುಣಸೆ ಮಂಡಿಯ ಹಿಂದುಗಡೆ ಕೋಣೆಯಲ್ಲಿ ಶನಿವಾರ ಐದಾರು ಜನ ಕೂತು ಮೂರೆಲೆ ಆಡ್ತಾರೆ. ಆ ನರಸಿಂಹಪ್ಪ ನಮ್ಮ ಮನೆಯವರ ಕಕ್ಷಿಗಾರ. ಹಾಗಾಗಿ ನನಗೆ ಗೊತ್ತು.

ಅಲ್ಲಿ ಗಡಿಯಾರ ಇಡೋದಿಲ್ಲ. ಲಾಟೀನಿಗೆ ಒಂದು ಅಳತೆ ಎಣ್ಣೆ ಹಾಕಿ ಕೂರ್ತಾರೆ. ದೀಪ ಆರಿದರೆ ಆಟ ಮುಗೀತು. ಈಗ ಎಣ್ಣೆಗೆ ಬರ ಅಲ್ಲವಾ, ಅದಕ್ಕೆ ಸರದಿಯ ಮೇಲೆ ಒಬ್ಬೊಬ್ಬರು ಮನೆಯಿಂದ ತರ್ತಾರೆ. ಅಷ್ಟೇ ವಿಷಯ. ನೀನು ಅದಕ್ಕೆ ಇನ್ನೊಂದು ಸಂಸಾರ ಕಟ್ಟಿಬಿಟ್ಟೆ. ಗಂಡಸರಿಗೆ ವಾರಕ್ಕೊಂದು ರಾತ್ರಿ ಕೂರೋಕೆ ಒಂದು ಜಾಗ ಬೇಕು. ಜಗಳ ತೆಗೀಬೇಡ. ಯಾವಾಗ ಏಳಬೇಕು ಅಂತ ಅವನಿಗೆ ಗೊತ್ತಿದೆ.

ನಮ್ಮ ಮನೆಗೆ ಟೆಲಿಫೋನು ಬಂತು. ವಕೀಲರಿಗೆ ಅದಿಲ್ಲದೆ ನಡೆಯೋದಿಲ್ಲವಂತೆ. ಗೋಡೆಯ ಮೇಲೆ ಕರೀ ಮುಖದ ಹಾಗೆ ಕೂತಿದೆ. ನಾನು ಅದಕ್ಕೊಂದು ಕಸೂತಿ ಬಟ್ಟೆ ಹೊದಿಸಿದೀನಿ. ಅದು ಬಡಕೊಂಡಾಗ ಹಿತ್ತಲಿಗೆ ಹೋಗಿ ನಿಂತ್ಕೋತೀನಿ. ಕಾಣದೋರ ಜೊತೆ ಮಾತಾಡೋದು ನನ್ನಿಂದ ಆಗಲ್ಲಮ್ಮ. ನಿಮ್ಮ ನರಸಿಂಹಪ್ಪನ ಮಂಡಿಯಲ್ಲೂ ಒಂದಿದೆ, ದಿನಾ ಅಲ್ಲಿಂದ ಬಡೀತಾನೆ.

ಭಾರತಿಗೆ ಹಲ್ಲು ಎಷ್ಟು ಬಂತು, ಬರಿ.

ರತ್ನ

*

ಶ್ರೀನಿವಾಸಪುರ
2-3-1944

ಅತ್ತಿಗೆಯವರಿಗೆ ನಮಸ್ಕಾರಗಳು.

ನಿಮ್ಮ ಕಾಗದ ಬಂದ ದಿವಸ ಮುನಿಗಂಗಮ್ಮನಿಗೆ ಒಂದು ರವಿಕೆ ಕಣ ಕೊಟ್ಟೆ. ಯಾತಕ್ಕಮ್ಮ ಎಂದು ಕೇಳಿದಳು. ಸುಮ್ಮನೆ ಎಂದೆ. ಬೀಗವನ್ನೂ ತೆಗೆದೆ.

ಇವರನ್ನು ನೇರವಾಗಿಯೇ ಕೇಳಿದೆ. ಒಂದು ಗಳಿಗೆ ಮುಖ ಬಾಡಿತು. ಆಮೇಲೆ ಕಳ್ಳತನ ಸಿಕ್ಕಿಬಿದ್ದ ಮಗುವಿನ ಹಾಗೆ ನಕ್ಕರು. ಎಲ್ಲ ಹೇಳಿದರು. ಮಂಡಿಯ ಕೋಣೆ, ಹುಣಸೆಯ ವಾಸನೆ, ಯಾರು ಗೆದ್ದರೆ ಮೀಸೆ ತಿರುವುತ್ತಾರೆ, ಯಾರು ಸೋತರೆ ತೆಲುಗಿನಲ್ಲಿ ಬೈಯುತ್ತಾರೆ, ಎಲ್ಲವನ್ನೂ ಅಭಿನಯಿಸಿ ತೋರಿಸಿದರು. ನಾನೂ ನಕ್ಕೆ. ಮದುವೆಯಾದ ಮೇಲೆ ನಾವಿಬ್ಬರೂ ಅಷ್ಟು ಹೊತ್ತು ಒಟ್ಟಿಗೆ ಕುಳಿತು ಮಾತಾಡಿದ್ದು ಅದೇ ಮೊದಲು.

ಮಾರನೆಯ ದಿನ ಒಂದು ಹಾಳೆಯ ಮೇಲೆ ಲೆಕ್ಕ ಹಾಕಿಕೊಟ್ಟೆ. ಐವತ್ತೆರಡು ಎಲೆಯಲ್ಲಿ ಯಾವ ಮೂರು ಎಷ್ಟು ಸಲ ಬರಬಹುದು, ಸತತವಾಗಿ ಮೂರು ಕೈ ಸೋತವನು ಮುಂದೆ ಕೂತರೆ ಏನಾಗುತ್ತದೆ ಎಂದು. ಅವರು ಹಾಳೆಯನ್ನು ಮಡಿಸಿ ಅಂಗಿಯ ಜೇಬಿಗೆ ಹಾಕಿಕೊಂಡು, "ನಿನ್ನ ಲೆಕ್ಕ ಸರಿಯಾಗೇ ಇದೆ ಕಣೇ. ಎಲೆಗೆ ಲೆಕ್ಕ ಬರಲ್ವಲ್ಲ, ಏನ್ ಮಾಡ್ಲಿ?" ಎಂದರು. ಆದರೂ ಮಾತು ಕೊಟ್ಟಿದ್ದಾರೆ. ಮೂರು ಕೈ ಸತತವಾಗಿ ಸೋತರೆ ಏಳುತ್ತಾರೆ.

ಮುನಿಗಂಗಮ್ಮನಿಗೆ ಹೇಗೋ ವಿಷಯ ತಿಳಿದಿದೆ. ಸಂಜೆಗೆ ಕರೆ ಕಳಿಸಮ್ಮ, ಬರ್ತಾರೆ ಎಂದಳು. ಅವಳ ಅಣ್ಣನ ಮನೆಯಲ್ಲಿ ಹಾಗೆ ಮಾಡುತ್ತಾರಂತೆ. ಬೇಡ ಎಂದೆ. ಹೊತ್ತು ಮುಳುಗಿತು ಎಂದು ಹಸುವನ್ನು ಕೊಟ್ಟಿಗೆಗೆ ಹೊಡೆದುಕೊಂಡು ಬರುವ ಹಾಗೆ ಗಂಡನನ್ನು ಕರೆಸಿಕೊಳ್ಳುವುದು ನನಗೆ ಸೇರುವುದಿಲ್ಲ. ಅವರು ತಾವಾಗಿ ಏಳಬೇಕು. ನಂಬಿದವರ ಮುಂದೆ ಮನುಷ್ಯ ಸಣ್ಣವನಾಗುವುದಿಲ್ಲ ಎಂದು ನನ್ನ ನಂಬಿಕೆ.

ಈಗ ಕತ್ತಲಲ್ಲಿ ಎಣ್ಣೆ ಕದಿಯುವ ಪಾಡಿಲ್ಲ. ಶುಕ್ರವಾರ ಸಂಜೆ ನಾನೇ ಆಲಿಕೆ ಇಟ್ಟು ಬಾಟಲಿ ತುಂಬಿ, ಬಿರಡೆ ಬಿಗಿದು, ಕೈಚೀಲದಲ್ಲಿ ಇಡುತ್ತೇನೆ. ಅವರ ಸರದಿ ಈಚೆಗೆ ವಾರವಾರವೂ ಬರುತ್ತಿದೆ. ನಾವು ಹರಳೆಣ್ಣೆ ದೀಪದಲ್ಲಿ ಊಟ ಮಾಡುತ್ತೇವೆ. ಭಾರತಿಗೆ ಆ ಬೆಳಕೇ ಇಷ್ಟ, ಗೋಡೆಯ ಮೇಲಿನ ನೆರಳನ್ನು ಹಿಡಿಯಲು ಹೋಗುತ್ತಾಳೆ. ಹಲ್ಲು ಹನ್ನೆರಡು.

ಶ್ಯಾಮಲ

*

ಕೋಲಾರ
21-4-1944

ಚಿ. ಸೌ. ಶ್ಯಾಮಲಳಿಗೆ ಆಶೀರ್ವಾದಗಳು.

ಒಂಬತ್ತು ವಾರವಾಯಿತು ನಿನಗೆ ಬರೆದು. ನಿನ್ನ ಕಾಗದವನ್ನು ಉಪ್ಪಿನ ಜಾಡಿಯ ಕೆಳಗೆ ಇಟ್ಟಿದ್ದೆ. ಉಪ್ಪು ತೆಗೆಯೋವಾಗೆಲ್ಲ ಕಾಣ್ತಿತ್ತು. ಬಾಟಲಿ ನಾನೇ ತುಂಬಿಕೊಡ್ತೀನಿ ಅಂತ ಬರೆದಿದ್ದೀಯಲ್ಲ, ಆ ಸಾಲು ನನ್ನನ್ನು ಮಲಗೋಕೆ ಬಿಡಲಿಲ್ಲ.

ಸರದಿ ಅಂತ ನಾನು ಬರೆದದ್ದು ಸುಳ್ಳು. ಎಣ್ಣೆ ಹಾಕೋದು ಸೋತವನು. ದೀಪ ಸಣ್ಣಗಾದಾಗ ಗೆದ್ದವರು ಕೈ ಕಟ್ಟಿಕೊಂಡು ಕೂರ್ತಾರೆ. ಹೋದದ್ದನ್ನ ವಾಪಸು ತೆಗೀಬೇಕು ಅನ್ನೋನು ತನ್ನ ಬಾಟಲಿ ತೆಗೆದು ಸುರೀಬೇಕು. ವಾರವಾರವೂ ಸುರೀತಿದ್ದಾನೆ ಅಂದರೆ ವಾರವಾರವೂ ಸೋಲ್ತಿದ್ದಾನೆ.

ನನಗೆ ಹೇಗೆ ಗೊತ್ತು ಅಂತ ಇನ್ನು ಮುಚ್ಚಿಡಲ್ಲ. ನಮ್ಮಪ್ಪ ಸತ್ತದ್ದು ವಿಷಮಶೀತದಲ್ಲಿ ಅಂತ ನಿನಗೆ ಹೇಳಿದ್ದೇವೆ. ಅದಕ್ಕೆ ಮೊದಲೇ ವಕ್ಕಲೇರಿಯ ಮನೆ, ಬಾವಿ, ಹಿಪ್ಪುನೇರಳೆ ತೋಟ ಎಲ್ಲ ಆ ಲಾಟೀನಿನಲ್ಲಿ ಉರಿದುಹೋಗಿತ್ತು. ಚನ್ನ ಆಗ ಮೂರು ವರ್ಷದವನು, ಅವನಿಗೇನೂ ನೆನಪಿಲ್ಲ. ಅವನಿಗೆ ಹೇಳಬೇಡ ಅಂತ ಅಮ್ಮ ನನ್ನ ಕೈಲಿ ಆಣೆ ಹಾಕಿಸಿಕೊಂಡಿದ್ದಳು.

ಕೇಳು. ಆ ಜಾಗದಲ್ಲಿ ಸೋತವನು ದೀಪ ಉರೀತಿರೋವಾಗ ಎದ್ದರೆ ಅವನ ಮುಂದೆ ಒಂದು ಗಾಜಿನ ಬಳೆ ಇಡ್ತಾರೆ. ತೊಟ್ಕೊಂಡು ಹೋಗಪ್ಪ ಅಂತಾರೆ. ಊರೆಲ್ಲ ಅದೇ ಮಾತಾಗುತ್ತೆ. ನಿನ್ನ ಮೂರು ಕೈ ಲೆಕ್ಕ ಆ ಬಳೆ ಮುಂದೆ ನಿಲ್ಲಲ್ಲ ಕಣೇ. ಆದರೆ ಮನೆಯಿಂದ ಕರೆ ಬಂದರೆ ಯಾರೂ ನಗಲ್ಲ, ಯಾರೂ ಬಳೆ ಇಡಲ್ಲ. ಹೋಗಪ್ಪಾ, ಮನೇಲಿ ಕರೀತವ್ರೆ ಅಂತ ಅವರೇ ಎಬ್ಬಿಸಿ ಕಳಿಸ್ತಾರೆ. ಸೋಲ್ತಿರೋನಿಗೆ ಅಲ್ಲಿಂದ ಬರೋಕೆ ಇರೋದು ಅದೊಂದೇ ಬಾಗಿಲು. ನಮ್ಮಮ್ಮನೂ ನಿನ್ನ ಹಾಗೇ ಮರ್ಯಾದೆಯವಳು, ಗಂಡನಿಗೆ ಕರೆ ಕಳಿಸಲಿಲ್ಲ. ಅಪ್ಪ ರಾತ್ರಿಯೆಲ್ಲ ಬಾಗಿಲ ಕಡೆ ನೋಡ್ತಿದ್ದನಂತೆ. ಅವನ ಜೊತೆ ಆಡಿದವರೇ ಆಮೇಲೆ ನನಗೆ ಹೇಳಿದರು.

ಚನ್ನನೂ ನೋಡ್ತಿರ್ತಾನೆ. ಅವನ ಬಸ್ಸಿನ ಕಂಡಕ್ಟರ್ ಆಂಜಿನಪ್ಪ ನಂಬಿಕಸ್ಥ. ಶನಿವಾರ ಚನ್ನ ಮೊದಲಿನ ಟ್ರಿಪ್ಪಿಗೇ ಅಲ್ಲಿ ಇಳಿದಿರ್ತಾನೆ, ಬಸ್ಸು ಮತ್ತೆ ಹೊರಡೋ ಐದು ಗಂಟೆ ಟ್ರಿಪ್ಪಿನಲ್ಲಿ ಆಂಜಿನಪ್ಪನ ಕೈಲಿ ಹೇಳಿ ಕಳಿಸು. ಮಗುವಿಗೆ ಮೈ ಬಿಸಿ ಅನ್ನು. ಆ ಮಾತಿಗೆ ಎದುರಾಡೋ ಗಂಡಸು ಇನ್ನೂ ಹುಟ್ಟಿಲ್ಲ.

ರತ್ನ

*

ಶ್ರೀನಿವಾಸಪುರ
16-5-1944

ಅತ್ತಿಗೆಯವರಿಗೆ ನಮಸ್ಕಾರಗಳು.

ನಿಮ್ಮ ಮೇಲೆ ಎರಡು ದಿವಸ ಕೋಪವಿತ್ತು. ಆಮೇಲೆ ಆ ಬಾಟಲಿಗಳನ್ನು ತುಂಬಿದ ನನ್ನ ಕೈಗಳನ್ನು ನೋಡಿಕೊಂಡೆ, ಕೋಪ ಎಲ್ಲಿಗೆ ಹೋಯಿತೋ.

ನೀವು ಹೇಳಿದಂತೆ ಮಾಡಿದೆ. ಆಂಜಿನಪ್ಪನಿಗೆ ಹೇಳುವಾಗ ನಾಲಿಗೆ ತಡವರಿಸಿತು. ಅವನು ನೆಲ ನೋಡುತ್ತ, "ಆಯ್ತಮ್ಮ, ಮಗೂಗೆ ಮೈ ಬೆಚ್ಚಗೈತೆ ಅಂತ ಹೇಳ್ತೀನಿ," ಎಂದ. ಆಗ ಭಾರತಿ ಅವನ ಚರ್ಮದ ಚೀಲದಲ್ಲಿ ಕೈ ಹಾಕಿ ಚಿಲ್ಲರೆ ಕಾಸು ಆಡಿಸುತ್ತಿದ್ದಳು.

ರಾತ್ರಿ ಒಂಬತ್ತಕ್ಕೆ ಬಂದರು. ಮಾವಿನಕಾಯಿ ತುಂಬಿದ ಲಾರಿಯ ಮೇಲೆ ಕೂತು ಬಂದಿದ್ದರು. ಈಗ ಇಲ್ಲಿ ಸುಗ್ಗಿ, ಎಷ್ಟು ಹೊತ್ತಿನಲ್ಲೂ ಲಾರಿ ಸಿಗುತ್ತದೆ. ಬಟ್ಟೆಯೆಲ್ಲ ಸೊನೆಯ ವಾಸನೆ. ನೇರವಾಗಿ ಹೋಗಿ ಮಗುವಿನ ಹಣೆ ಮುಟ್ಟಿದರು. ಹಣೆ ತಣ್ಣಗಿತ್ತು. ನನ್ನ ಕಡೆ ತಿರುಗಿದರು. ಬೈಯುತ್ತಾರೆ ಎಂದು ಕಾದೆ. ಅವರು ಗೋಡೆಗೆ ಒರಗಿ ಕುಳಿತು, "ಕಾಲಿಗೆ ಕಟ್ಟಿದ್ದ ಕಲ್ಲು ಬಿಚ್ಚಿದ ಹಾಗಾಯ್ತು ಶ್ಯಾಮಲಾ. ಇಷ್ಟು ದಿನ ಯಾಕೆ ಕಳಿಸ್ಲಿಲ್ಲ?" ಎಂದರು.

ಅತ್ತಿಗೆ, ನಾನು ನಂಬಿಕೆ ಎಂದುಕೊಂಡದ್ದು ಅವರಿಗೆ ಮುಚ್ಚಿದ ಬಾಗಿಲಾಗಿ ಕಂಡಿತ್ತು.

ಅದಾದ ಮೇಲೆ ಎರಡು ಶನಿವಾರವೂ ಕಳಿಸಿದೆ. ಎರಡೂ ಸಲ ಬಂದರು. ಬಾಟಲಿ ತುಂಬಿದ ಹಾಗೇ ವಾಪಸು ಬಂತು. ಒಬ್ಬರು ಮಾತ್ರ ಒಪ್ಪಿಲ್ಲ. ನಾನು ಆಂಜಿನಪ್ಪನಿಗೆ ಹೇಳುತ್ತಿದ್ದದ್ದನ್ನು ಮುನಿಗಂಗಮ್ಮ ಕೇಳಿಸಿಕೊಂಡು, ಪಾತ್ರೆ ಬಿಟ್ಟು ಎದ್ದು ಬಂದು, ಉಪ್ಪು ಮೆಣಸಿನಕಾಯಿ ತೆಗೆದು ಮಗುವಿಗೆ ನಿವಾಳಿಸಿ ಒಲೆಗೆ ಹಾಕಿದಳು. "ನಿಂಗೆ ಜ್ವರ ಅಂತ ಹೇಳಮ್ಮ, ತಲೆನೋವು ಅಂತ ಹೇಳು. ಮಗೀನ ಮೈಮೇಲೆ ಯಾಕೆ ಹಾಕ್ತೀಯ?" ಎಂದಳು. ನಾನು ಓದಿದವಳು, ಅಂಥದನ್ನು ನಂಬುವವಳಲ್ಲ. ಆದರೂ ರಾತ್ರಿ ಎರಡು ಮೂರು ಸಲ ಎದ್ದು ಭಾರತಿಯ ಹಣೆ ಮುಟ್ಟಿ ನೋಡುತ್ತೇನೆ.

ಶ್ಯಾಮಲ

*

ಕೋಲಾರ
28-6-1944

ಚಿ. ಸೌ. ಶ್ಯಾಮಲಳಿಗೆ ಆಶೀರ್ವಾದಗಳು.

ಬೇಗ ಬರೀತಿದ್ದೀನಿ, ಟಪಾಲು ಕಟ್ಟೋ ಹೊತ್ತು. ವಾರವಾರವೂ ಕಳಿಸಬೇಡ. ಕರೆ ಅನ್ನೋದು ಅಡುಗೆಗೆ ಉಪ್ಪು ಹಾಕಿದ ಹಾಗಿರಬೇಕು. ನಮ್ಮ ಮನೆಯವರು ಕೋರ್ಟಿನ ಜಗಲಿಯಲ್ಲಿ ಕೇಳಿಬಂದರು. ನರಸಿಂಹಪ್ಪ ಯಾರಿಗೋ ಹೇಳಿ ನಗ್ತಿದ್ದನಂತೆ, ನಮ್ಮ ಚನ್ನರಾಯಪ್ಪನ ಮಗೂಗೆ ಶನಿವಾರದ ಜ್ವರ, ಸೋಮವಾರಕ್ಕೆ ವಾಸಿ ಅಂತ. ಎರಡು ಮೂರು ವಾರ ಸುಮ್ಮನಿದ್ದುಬಿಡು.

ಚನ್ನ ಹೋದ ವಾರ ಬಂದಿದ್ದ. ಊಟ ಮಾಡಿ ಹೋದ. ಚೆನ್ನಾಗೇ ಇದ್ದಾನೆ.

ರತ್ನ

*

ಶ್ರೀನಿವಾಸಪುರ
10-7-1944

ಅತ್ತಿಗೆಯವರಿಗೆ ನಮಸ್ಕಾರಗಳು.

ನೀವು ಹೇಳಿದಂತೆ ಮೊದಲನೆಯ ಶನಿವಾರ ಸುಮ್ಮನಿದ್ದೆ. ಅವರು ಭಾನುವಾರ ಮಧ್ಯಾಹ್ನ ಬಂದರು. ಗಡಿಯಾರ ಕೈಮೇಲೆ ಇರಲಿಲ್ಲ. ಮೊನ್ನೆ ಶನಿವಾರ ತಡೆಯಲಾರದೆ ಕಳಿಸಿದೆ.

ಬಂದರು. ಆದರೆ ಮಗುವಿನ ಹತ್ತಿರ ಹೋಗಲಿಲ್ಲ. ಅಂಗಳದಲ್ಲೇ ನಿಂತು, "ಇವತ್ತು ಕಳಿಸಬಾರದಾಗಿತ್ತು ನೀನು," ಎಂದರು. ಮಂಡಿಯಲ್ಲಿ ಈಗ ಅದೂ ಒಂದು ಪಂದ್ಯವಂತೆ. ಇಂದು ಚನ್ನರಾಯಪ್ಪನ ಮನೆಯ ಜ್ವರ ಎಷ್ಟು ಹೊತ್ತಿಗೆ ಬರುತ್ತದೆ, ಬರುತ್ತದೋ ಇಲ್ಲವೋ ಎಂದು ಎಲೆ ಹಂಚುವ ಮೊದಲೇ ಕಟ್ಟುತ್ತಾರೆ. ಹಿಂದಿನ ವಾರ ಬಂದಿರಲಿಲ್ಲವಾದ್ದರಿಂದ ಈ ವಾರವೂ ಬರುವುದಿಲ್ಲ ಎಂದು ಇವರೇ ಕಟ್ಟಿದ್ದರು. ಬಸ್ಸಿನಲ್ಲಿ ಅವರಿಗಿದ್ದ ಅರ್ಧ ಪಾಲಿನಲ್ಲಿ ಒಂದು ಭಾಗ. ಆಂಜಿನಪ್ಪ ಬಾಗಿಲಲ್ಲಿ ಕಾಣಿಸಿಕೊಂಡಾಗ ಎಲ್ಲರೂ ಚಪ್ಪಾಳೆ ತಟ್ಟಿದರಂತೆ.

ನನ್ನ ಗಂಡ ಸೋತದ್ದು ನನ್ನ ಕರೆಗೇ. ಅದನ್ನು ಹೇಳುವಾಗ ಅವರಿಗೆ ಸಿಟ್ಟಿರಲಿಲ್ಲ. ಒಬ್ಬ ಅಪರಿಚಿತನಿಗೆ ದಾರಿ ಹೇಳುವ ಹಾಗೆ ಹೇಳಿದರು. ಕೊನೆಗೆ ಹೇಳಿದ ಮಾತು ಇದು. "ಇನ್ನು ಮಗೂಗೆ ಜ್ವರ ಅಂತ ಬಂದ್ರೆ ಏಳಲ್ಲ ಅಂತ ಎಲ್ಲರ ಎದುರಿಗೆ ಮಾತು ಕೊಟ್ಟು ಬಂದಿದ್ದೀನಿ. ಕಳಿಸಬೇಡ. ಕಳಿಸಿದರೂ ಬರಲ್ಲ."

ಗೋಡೆಯಲ್ಲಿ ಇದ್ದದ್ದು ಒಂದೇ ಬಾಗಿಲು ಎಂದು ನೀವೇ ಬರೆದಿದ್ದಿರಿ. ನಾನು ಅದನ್ನು ತೆಗೆದು ಮುಚ್ಚಿ, ತೆಗೆದು ಮುಚ್ಚಿ, ಕೀಲು ಕಿತ್ತುಬಿಟ್ಟೆ.

ಶ್ಯಾಮಲ

*

ಕೋಲಾರ
18-7-1944

ಚಿ. ಸೌ. ಶ್ಯಾಮಲಳಿಗೆ ಆಶೀರ್ವಾದಗಳು.

ತಪ್ಪು ನಿನ್ನದಲ್ಲ, ದಾರಿ ಹೇಳಿದವಳು ನಾನು. ಇನ್ನೊಂದೂ ಹೇಳಿಬಿಡ್ತೀನಿ. ಜೂನಿನಲ್ಲಿ ಚನ್ನ ಊಟಕ್ಕೆ ಅಂತ ಬಂದಾಗ ಬಸ್ಸಿಗೆ ಟೈರು ಬೇಕು ಅಕ್ಕಾ ಅಂದ. ನನ್ನ ನಾಲ್ಕು ಬಳೆ ಬಿಚ್ಚಿ ಕೊಟ್ಟೆ. ಟೈರಿಗಲ್ಲ ಅಂತ ಕೊಡೋವಾಗಲೇ ಗೊತ್ತಿತ್ತು. ಮೂರು ವರ್ಷದ ಚನ್ನನ ಮುಖ ಕಂಡ ಹಾಗಾಯಿತು, ಕೊಟ್ಟೆ. ವಕೀಲರಿಗೆ ಇನ್ನೂ ಹೇಳಿಲ್ಲ, ಕೈ ಸೆರಗಿನಲ್ಲಿಟ್ಟುಕೊಂಡೇ ಬಡಿಸ್ತಿದ್ದೀನಿ.

ಈಗ ನನ್ನ ಮಾತು ಕೇಳು. ಅವನು ಏಳಲ್ಲ. ಅಪ್ಪ ಎದ್ದದ್ದು ಬರೀ ಮೈಯಲ್ಲಿ. ನೀನಾದರೂ ಏಳು. ಮಗು ಎತ್ತಿಕೊಂಡು ಬೆಳಗಿನ ರೈಲಿಗೆ ಇಲ್ಲಿಗೆ ಬಂದುಬಿಡು. ಪುಟ್ಟ ರೈಲಾದರೂ ಹತ್ತು ಗಂಟೆಗೆ ತಲುಪಿಸುತ್ತೆ. ಮೇಲಿನ ಕೋಣೆ ಖಾಲಿ ಇದೆ. ಇಲ್ಲಿನ ಬಾಲಿಕಾ ಶಾಲೆಗೆ ಲೆಕ್ಕ ಹೇಳಿಕೊಡೋಕೆ ಹೆಂಗಸರು ಸಿಗದೆ ಹುಡುಕ್ತಿದ್ದಾರೆ. ನೀನು ಬಂದರೆ ಅವನೂ ಹಿಂದೇ ಬರ್ತಾನೆ. ಬರದಿದ್ದರೂ ನೀನು ಬಾ.

ರತ್ನ

*

ಶ್ರೀನಿವಾಸಪುರ
31-7-1944

ಅತ್ತಿಗೆಯವರಿಗೆ ನಮಸ್ಕಾರಗಳು.

ನಿಮ್ಮ ಕಾಗದ ಕೈಯಲ್ಲಿ ಹಿಡಿದು ಟ್ರಂಕು ತೆಗೆದದ್ದು ನಿಜ. ಮಗುವಿನ ಬಟ್ಟೆ ಮಡಿಸಿದೆ. ಆಮೇಲೆ ಮತ್ತೆ ಬಿಚ್ಚಿ ಇಟ್ಟೆ.

ಎರಡು ಶನಿವಾರ ಅವರು ಹೋಗಲಿಲ್ಲ. ಮನೆಯಲ್ಲೇ ಇದ್ದರು. ಭಾರತಿಗೆ ಬೆಂಕಿಪೊಟ್ಟಣದಲ್ಲಿ ಬಸ್ಸು ಮಾಡಿಕೊಟ್ಟರು, ನಾಲ್ಕು ಗುಂಡಿ ಪೋಣಿಸಿ ಚಕ್ರ ಮಾಡಿದರು. ಈಗ ನಾನು ಹೊರಟರೆ, ಇಷ್ಟು ತಿಂಗಳು ತಡೆದುಕೊಂಡದ್ದೆಲ್ಲ ನೀರಿನಲ್ಲಿ ಹೋಮ ಮಾಡಿದ ಹಾಗೆ. ಇನ್ನು ಸ್ವಲ್ಪ ಕಾದರೆ ಎಲ್ಲವೂ ಸರಿಯಾಗುತ್ತದೆ ಎಂದು ನನಗೆ ಅನ್ನಿಸುತ್ತಿದೆ. ಗೌರಿ ಹಬ್ಬಕ್ಕೆ ಮೂರೇ ವಾರ. ಹಬ್ಬ ಮುಗಿಸಿಕೊಂಡು, ಆಗಲೂ ಸರಿಹೋಗದಿದ್ದರೆ, ಖಂಡಿತ ಬರುತ್ತೇನೆ.

ಬರೆದ ಮೇಲೆ ಮೇಲಿನ ಸಾಲುಗಳನ್ನು ಓದಿಕೊಂಡೆ. ಯಾರೋ ಮಂಡಿಯಲ್ಲಿ ಕೂತು ಆಡಿದ ಮಾತಿನ ಹಾಗಿದೆ. ಆದರೂ ಹೊಡೆದುಹಾಕುವುದಿಲ್ಲ.

ಶ್ಯಾಮಲ

*

ಶ್ರೀನಿವಾಸಪುರ
12-8-1944, ಶನಿವಾರ ರಾತ್ರಿ

ಅತ್ತಿಗೆ,

ಹತ್ತು ಗಂಟೆ ಹತ್ತು ನಿಮಿಷ. ಕುಳಿತಲ್ಲೇ ಕಣ್ಣು ಮುಚ್ಚಿತ್ತು. ಹಸಿ ಮರಕ್ಕೆ ಗರಗಸ ಹಾಕಿದಂಥ ಸದ್ದಿಗೆ ಎಚ್ಚೆತ್ತೆ. ಯಾರು ಈ ಹೊತ್ತಿನಲ್ಲಿ ಮರ ಕೊಯ್ಯುತ್ತಿದ್ದಾರೆ ಎಂದುಕೊಂಡೆ. ಅದು ಭಾರತಿಯ ಉಸಿರು.

ಈ ಕಾಗದ ತಂದವನು ಆಂಜಿನಪ್ಪ. ಸೈಕಲ್ಲಿನಲ್ಲಿ ಬಂದಿದ್ದಾನೆ. ಅವನಿಗೆ ನೀರು ಕೊಡುವ ಮೊದಲು ಇದನ್ನು ಪೂರ್ತಿ ಓದಿ.

ನಿಮ್ಮ ತಮ್ಮ ಗುರುವಾರ ರಾತ್ರಿ ಬಾಟಲಿ ತುಂಬಿಕೊಂಡು ಶುಕ್ರವಾರ ಬೆಳಿಗ್ಗೆ ಬಸ್ಸು ತೆಗೆದುಕೊಂಡು ಹೋದರು. ಮುಳಬಾಗಿಲಿನ ಕಡೆ ಒಂದು ಮದುವೆ ದಿಬ್ಬಣದ ಬಾಡಿಗೆ ಇದೆ, ಭಾನುವಾರ ಬರುತ್ತೇನೆ ಎಂದರು. ದಿಬ್ಬಣಕ್ಕೆ ಕಂಡಕ್ಟರ್ ಬೇಡವೆಂದು ಆಂಜಿನಪ್ಪನನ್ನು ಇಲ್ಲೇ ಬಿಟ್ಟುಹೋದರು. ಆಗ ಮಗು ಚೆನ್ನಾಗಿತ್ತು. ಶುಕ್ರವಾರ ಮಧ್ಯಾಹ್ನ ಮೈ ಬಿಸಿಯಾಯಿತು. ಸಂಜೆ ಹಾಲು ನುಂಗಲು ಅತ್ತಳು. ಕತ್ತಲಾದ ಮೇಲೆ ಡಿಸ್ಪೆನ್ಸರಿಯ ಡಾಕ್ಟರು ಬಂದು ಬಾಯಿ ತೆರೆಸಿ, ಲಾಟೀನು ತನ್ನಿ ಎಂದರು. ಡಬ್ಬ ಬಗ್ಗಿಸಿದೆ. ಒಂದು ಹನಿಯೂ ಇರಲಿಲ್ಲ. ಹರಳೆಣ್ಣೆ ದೀಪ ಹಿಡಿದೆ. ಆ ಮಿಣುಕಿನಲ್ಲಿ ಅವರಿಗೆ ಕೆಂಪು ಮಾತ್ರ ಕಂಡಿತು. ಶೀತದ ಬಾವು, ಬೆಳಿಗ್ಗೆ ಬಿಸಿಲಲ್ಲಿ ಮತ್ತೆ ನೋಡುತ್ತೇನೆ ಎಂದು ಔಷಧ ಕೊಟ್ಟರು. ಬೆಳಿಗ್ಗೆ ಅವರನ್ನು ಹೆರಿಗೆಗೆಂದು ಹಳ್ಳಿಗೆ ಕರೆದೊಯ್ದಿದ್ದರು. ಬಂದದ್ದು ಮೂರು ಗಂಟೆಗೆ. ಕಿಟಕಿಯ ಬಿಸಿಲಿಗೆ ಮಗುವಿನ ಮುಖ ತಿರುಗಿಸಿ ನೋಡಿ, ನನ್ನ ಕೈಯಿಂದ ಮಗುವನ್ನು ತೆಗೆದುಕೊಂಡು ಮಲಗಿಸಿದರು. ಗಂಟಲಲ್ಲಿ ಬಿಳಿಯ ಪೊರೆ ಕಟ್ಟಿದೆ. ಗಂಟಲುಮಾರಿ. ಅದಕ್ಕೊಂದು ಸೀರಂ ಇದೆ, ಕೋಲಾರದ ಆಸ್ಪತ್ರೆಯಲ್ಲಿ ಸಿಗುತ್ತದೆ, ಉಸಿರು ಕಟ್ಟಿದರೆ ಗಂಟಲು ಕೊಯ್ದು ಕೊಳವೆ ಇಡುವವರೂ ಅಲ್ಲೇ ಇರುವುದು. ಬೆಳಗಿನೊಳಗೆ ಅಲ್ಲಿರಬೇಕು ಎಂದರು.

ಇಂದಿನ ರೈಲು ಹೋಗಿಯಾಗಿತ್ತು. ಡಾಕ್ಟರ ಕಾರಿಗೆ ಪೆಟ್ರೋಲು ಕೂಪನ್ನು ಮುಗಿದು ತಿಂಗಳಾಗಿದೆ. ಮಾವಿನ ಲಾರಿಗಳೆಲ್ಲ ಸುಗ್ಗಿಯ ಜೊತೆಗೆ ಹೋದವು. ಎತ್ತಿನ ಗಾಡಿಯ ಕುಲುಕಾಟವನ್ನು ಈ ಗಂಟಲು ತಡೆಯದು, ಬಿಸಿನೀರಿನ ಹಬೆಯಿಂದ ಆಚೆ ತೆಗೆಯಬೇಡಿ ಎಂದು ಡಾಕ್ಟರು ಹೇಳಿದ್ದಾರೆ. ಅವರು ಇಲ್ಲೇ ಕುಳಿತಿದ್ದಾರೆ. ಈ ಸುತ್ತಿನಲ್ಲಿ ಪೆಟ್ರೋಲಿಲ್ಲದೆ ಓಡುವ ಮೋಟಾರು ಒಂದೇ. ಅದು ನರಸಿಂಹಪ್ಪನ ಮಂಡಿಯ ಮುಂದೆ ನಿಂತಿದೆ, ಅದರ ಕೀಲಿ ನಿಮ್ಮ ತಮ್ಮನ ಜೇಬಿನಲ್ಲಿದೆ.

ಐದು ಗಂಟೆಗೆ ಆಂಜಿನಪ್ಪ ಬಾಡಿಗೆ ಸೈಕಲ್ಲು ಹತ್ತಿ ಮುಳಬಾಗಿಲಿಗೆ ಹೋದ. ಹೋಗುವ ಮೊದಲು ಮಗುವನ್ನು ಕಣ್ಣಾರೆ ನೋಡಿದ್ದ. ಅಲ್ಲಿ ಬಾಗಿಲಲ್ಲಿ ನಿಂತು, ಮಗೂಗೆ ಜ್ವರ ಸ್ವಾಮಿ, ನಿಜವಾಗ್ಲೂ ಎಂದನಂತೆ. ಎಲ್ಲರೂ ಬಿದ್ದು ಬಿದ್ದು ನಕ್ಕರಂತೆ. "ಏನ್ಲಾ, ಈ ವಾರ ನಿಜವಾಗ್ಲೂ ಅಂತ ಬೇರೆ ಸೇರಿಸ್ಕೊಟ್ಟವ್ರಾ?" ಎಂದು ಒಬ್ಬ ಕೇಳಿದ. ಬಸ್ಸಿನಲ್ಲಿ ಉಳಿದ ಪಾಲನ್ನು ಇವರು ಇಂದು ಒಂದೇ ಮಾತಿನ ಮೇಲೆ ಇಟ್ಟಿದ್ದಾರಂತೆ. ಕರೆ ಬಂದರೂ ಏಳುವುದಿಲ್ಲ ಎಂದು. ಆಂಜಿನಪ್ಪ ಕೈ ಹಿಡಿದು ಎಳೆದರೆ ಕೊಡವಿಕೊಂಡು, ಎಲೆಯಿಂದ ಕಣ್ಣು ತೆಗೆಯದೆ, "ಈ ಸಲ ನಾನು ಸೋಲಲ್ಲ ಅಂತ ಹೇಳೋ ಅವಳಿಗೆ," ಎಂದರಂತೆ. ಅವರ ಪಕ್ಕದಲ್ಲಿ ನಮ್ಮ ಬಾಟಲಿ ಇತ್ತಂತೆ, ಅರ್ಧ ತುಂಬಿತ್ತಂತೆ. ಇದನ್ನು ಹೇಳುವಾಗ ಆಂಜಿನಪ್ಪ ಅತ್ತುಬಿಟ್ಟ. ಬಂದ ಸುಸ್ತು ಆರುವ ಮೊದಲೇ ಈಗ ಕೋಲಾರಕ್ಕೆ ಹೊರಟಿದ್ದಾನೆ.

ಅವರು ಕೆಟ್ಟವರಲ್ಲ, ಅತ್ತಿಗೆ. ಅವರ ಕಿವಿಗೆ ಹೋದ ಮಾತು ನಾನು ಸವೆಸಿದ ಮಾತು. ಹತ್ತು ಸಲ ಮಗುವಿನ ಹಣೆ ತಣ್ಣಗಿತ್ತು, ಹನ್ನೊಂದನೆಯ ಸಲ ಯಾಕೆ ಬಿಸಿಯಿರಬೇಕು. ನೀವು ಕರೆದಾಗ ನಾನು ಎದ್ದು ಬಂದಿದ್ದರೆ ಈ ಹೊತ್ತು ಭಾರತಿ ಆಸ್ಪತ್ರೆಗೆ ಎರಡು ಬೀದಿ ದೂರದಲ್ಲಿ ಇರುತ್ತಿದ್ದಳು. ನಾನೂ ಹಬ್ಬದವರೆಗೆ ಎಂದು ಎಣ್ಣೆ ಸುರಿದೆ.

ಈಗ ಮಾಡಬೇಕಾದದ್ದು. ವಕೀಲರು ಆಸ್ಪತ್ರೆಗೆ ಹೋಗಿ ಸೀರಂ ಸಿದ್ಧವಿರಿಸಲು ಹೇಳಲಿ. ಕೋಲಾರದಲ್ಲಿ ಯಾವುದಾದರೂ ಕಾರು ಸಿಕ್ಕರೆ ಕಳಿಸಲಿ. ಈ ಕಾಲದಲ್ಲಿ ಈ ಹೊತ್ತಿನಲ್ಲಿ ಸಿಗುವುದಿಲ್ಲವೆಂದು ಗೊತ್ತು. ಅದಕ್ಕೆ ಕಾಯಬೇಡಿ. ನಮ್ಮೂರಲ್ಲಿ ಟೆಲಿಫೋನಿಲ್ಲ, ಮಂಡಿಗೆ ನೀವು ಟೆಲಿಫೋನು ಮಾಡಿ. ಎಕ್ಸ್‌ಚೇಂಜಿನವನು ಮಲಗಿದ್ದರೆ ಬಾಗಿಲು ಬಡಿದು ಎಬ್ಬಿಸಿ. ಬಸ್ಸಿಗೆ ಇದ್ದಿಲು ಹೊತ್ತಿಸಿ ಗಾಳಿ ಹಾಕುವುದಕ್ಕೇ ಅರ್ಧ ಗಂಟೆ ಬೇಕು, ಅಲ್ಲಿಂದ ಇಲ್ಲಿಗೆ ಎರಡು ಗಂಟೆ, ಇಲ್ಲಿಂದ ನಿಮ್ಮಲ್ಲಿಗೆ ಒಂದೂವರೆ. ನಾನು ಲೆಕ್ಕ ಹಾಕಿದ್ದೇನೆ. ರಾತ್ರಿ ಎರಡು ಗಂಟೆಯೊಳಗೆ ಅವರು ಎದ್ದರೆ ಬೆಳಗಾಗುವಾಗ ಆಸ್ಪತ್ರೆಯಲ್ಲಿರುತ್ತೇವೆ. ಈ ಒಂದು ಲೆಕ್ಕವಾದರೂ ಸರಿಬರಲಿ.

ವಕೀಲರು ಮಾತಾಡುವುದು ಬೇಡ, ಅವರ ದನಿ ಕೇಳಿದರೆ ಕೋರ್ಟಿನ ವಿಷಯ ಎಂದು ಬೆಳಗಿಗೆ ದೂಡುತ್ತಾರೆ. ನೀವೇ ಮಾತಾಡಬೇಕು. ಆ ಯಂತ್ರವನ್ನು ಕಂಡರೆ ನಿಮಗೆ ಭಯ, ಗೊತ್ತು. ಕಣ್ಣು ಮುಚ್ಚಿಕೊಂಡು ಮಾತಾಡಿ. ಮಗುವಿಗೆ ಜ್ವರ ಎಂದು ಮಾತ್ರ ಹೇಳಬೇಡಿ. ಮಗು ಸಾಯುತ್ತಿದೆ ಎಂದೂ ಹೇಳಬೇಡಿ, ನಗುತ್ತಾರೆ. ನಾನು ಸತ್ತೆ ಎಂದು ಹೇಳಿ. ಶ್ಯಾಮಲ ಬಾವಿಗೆ ಬಿದ್ದಳು, ಹೆಣ ತರಲು ಬಸ್ಸು ಬೇಕು ಎನ್ನಿ. ನನ್ನ ಸಾವಿನ ಮೇಲೆ ಅಲ್ಲಿ ಇನ್ನೂ ಯಾರೂ ಪಂದ್ಯ ಕಟ್ಟಿಲ್ಲ, ಅದಕ್ಕೆ ಏಳುತ್ತಾರೆ.

ಡಾಕ್ಟರು ಹಬೆಗೆ ನೀರು ಕೇಳುತ್ತಿದ್ದಾರೆ. ಗರಗಸದ ಸದ್ದು ನಡುನಡುವೆ ನಿಲ್ಲುತ್ತಿದೆ. ನಿಂತಾಗ ನಾನೂ ಉಸಿರು ಹಿಡಿಯುತ್ತೇನೆ.

ಆ ಕಸೂತಿ ಬಟ್ಟೆ ತೆಗೆಯಿರಿ, ಅತ್ತಿಗೆ. ಬೆಳಗಾಗುವ ಮುಂಚೆ ಟೆಲಿಫೋನು ಮಾಡಿ.